ಹಿಂದಿರುಗಿ ಓಡದ ಆಟಗಾರನಿಗೆ ಸ್ಥಾನವುಂಟೆ?

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಹಾಕಿ ತಂಡದ ಆಯ್ಕೆಯನ್ನು ಕುರಿತು ಬರೆಯುವೆನೆಂದೆ. ಇದೇನು ಅಂತಹ ಗಹನವಾದ ವಿಷಯವೆಂದು ಕೆಲವರಿಗೆ ಅನ್ನಿಸೀತು. ಆದರೆ ಈ ವರ್ಷ ಎದ್ದ ಚರ್ಚೆ ಶಿಕ್ಷಕರ ಕೊಠಡಿಯನ್ನು ದಾಟಿ ಪ್ರಸಾದ ನಿಲಯದವರೆಗೂ ಹೋಗಿದೆ. ನಿಲಯದಲ್ಲಿ ಕ್ರೀಡಾಪಟುಗಳಿಗೆಂದು ಮೀಸಲಿಟ್ಟ ಸ್ಥಾನಗಳು ದಾನಿಗಳ ಔದಾರ್ಯದಿಂದ ನಡೆಯತಕ್ಕವು. ಆದ್ದರಿಂದ ಆ ಚರ್ಚೆಯನ್ನು ಎಲ್ಲರೆದುರು ಇಡುವುದು ಯುಕ್ತವೆಂದು ಭಾವಿಸಿದ್ದೇನೆ.

ಸಂಗತಿ ಇಷ್ಟು. ಎಂಟನೆಯ ಇಯತ್ತೆಯ ಪ್ರವೇಶಕ್ಕೆ ಖಾನಾಪುರ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹುಡುಗ ಬಂದ. ಹೈಸ್ಕೂಲಿಗೆ ದಿನಾಲು ಬಹಳ ದೂರ ನಡೆಯಬೇಕಾದ ಊರು ಅವನದು. ಬೆಳಗಿನ ಗಾಡಿ ಹತ್ತಿ, ಇದ್ಲಹೊಂಡ, ದೇಸೂರು ದಾಟಿ ಬೆಳಗಾವಿಗೆ ಬಂದಿಳಿದಿದ್ದ. ಕೈಯಲ್ಲಿ ತಂತಿ ಸುತ್ತಿದ ಹಳೆಯ ಸ್ಟಿಕ್ಕು. ಆದರೆ ಚೆಂಡು ಆ ಸ್ಟಿಕ್ಕಿಗೆ ತಗುಲಿದ ಮೇಲೆ ಮೈದಾನದ ಅಂಚಿನಲ್ಲಿ ಹರಟುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ಉಬ್ಬುತಗ್ಗಿನ ನೆಲದಲ್ಲಿ ಕಲಿತವನಿಗೆ ಚೆಂಡು ಎತ್ತ ಪುಟಿದರೂ ಬೆರಗಿಲ್ಲ. ಮಣಿಕಟ್ಟು ತಾನಾಗಿಯೇ ತಿರುಗುತ್ತದೆ. ಬಲಬದಿಯಿಂದ ಒಳನುಗ್ಗಿ, ಇಬ್ಬರನ್ನು ವಂಚಿಸಿ, ಮೂರನೆಯವನು ಬರುವ ಮೊದಲೇ ಹೊಡೆಯುತ್ತಿದ್ದ. ಅಂದು ಅವನು ಹೊಡೆದದ್ದು ಮೂರು ಗೋಲು.

ಅವನ ಬದಿಯಿಂದಲೇ ಅವನ ತಂಡದ ಮೇಲೆ ಆದದ್ದೂ ಮೂರು ಗೋಲು. ಚೆಂಡು ಕೈತಪ್ಪಿದೊಡನೆ ಅವನು ನಿಂತುಬಿಡುತ್ತಿದ್ದ. ಸೊಂಟದ ಮೇಲೆ ಕೈಯಿಟ್ಟು, ಬಯಲಾಟ ನೋಡಲು ಬಂದವನಂತೆ, ಮುಂದಿನದನ್ನು ನೋಡುತ್ತಿದ್ದ. ಹಿಂದಿದ್ದ ಬಲಬದಿಯ ಹಾಫ್‌ಬ್ಯಾಕ್ ಹುಡುಗ ಒಬ್ಬನೇ ಇಬ್ಬರನ್ನು ಎದುರಿಸಬೇಕಾಗುತ್ತಿತ್ತು.

ಆಯ್ಕೆ ಸಮಿತಿಯಲ್ಲಿ ಎರಡು ಪಕ್ಷಗಳಾದವು. ಇಂತಹ ಕೈಚಳಕ ಹತ್ತು ವರ್ಷಕ್ಕೊಮ್ಮೆ ಬರುವಂಥದು, ಇಂದೇ ಹೆಸರು ಬರೆದುಕೊಳ್ಳಿ ಎಂದರು ಒಬ್ಬರು. ಇರುವುದು ಒಂದೇ ಸ್ಥಾನ. ಅದಕ್ಕೆ ನಗರದ ಇನ್ನೊಬ್ಬ ಹುಡುಗನಿದ್ದಾನೆ, ಬೆರಗುಗೊಳಿಸುವ ಆಟವಲ್ಲದಿದ್ದರೂ ಕೊನೆಯವರೆಗೆ ಓಡುತ್ತಾನೆ, ಅವನ ಮನೆಯ ಸ್ಥಿತಿಯೂ ಅನುಕೂಲವಾದುದಲ್ಲ ಎಂದರು ಮತ್ತೊಬ್ಬರು. ಎರಡನೆಯವರ ಮಾತನ್ನು ಹಗುರವಾಗಿ ತೆಗೆದುಹಾಕಲು ಬರುವುದಿಲ್ಲ. (ನಾನು ವಿದ್ಯಾರ್ಥಿದೆಸೆಯಲ್ಲಿ ಫುಲ್‌ಬ್ಯಾಕ್ ಆಡಿದವನು, ಮುಂದಿನವರು ಮಾಡಿದ್ದನ್ನು ಹಿಂದಿನವರು ಉಣ್ಣಬೇಕೆಂಬುದನ್ನು ಬಲ್ಲೆ. ನನ್ನ ಪಕ್ಷಪಾತವನ್ನು ವಾಚಕರು ಮನ್ನಿಸಬೇಕು.)

ನಮ್ಮ ಬೆಳಗಾವಿಗೆ ಹಾಕಿ ಹೊಸದಲ್ಲ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಈ ಊರಿನ ಬಂಡು ಪಾಟೀಲರಿದ್ದರು. ಅಂದಿನ ಅಂತಿಮ ಪಂದ್ಯವನ್ನು ನೆನೆಯಿರಿ. ಪಾಕಿಸ್ತಾನದ ವಿರುದ್ಧ ಭಾರತ ಗೆದ್ದದ್ದು 1-0ಯಿಂದ. ಆ ಒಂದು ಗೋಲನ್ನು ಹೊಡೆದ ಮೊಹಿಂದರ್ ಲಾಲ್ ಹಾಫ್‌ಬ್ಯಾಕ್. ಅದನ್ನು ಕೊನೆಯವರೆಗೆ ಕಾಯ್ದವರಲ್ಲಿ ಗೋಲ್‌ಕೀಪರ್ ಶಂಕರ್ ಲಕ್ಷ್ಮಣರ ಹೆಸರು ಮೊದಲನೆಯದು. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಅದೇ ಪಾಕಿಸ್ತಾನಕ್ಕೆ ನಾವು 1-7ರಿಂದ ಸೋತೆವು. ಆಡಿದವರು ಹನ್ನೊಂದು ಜನ. ಅಪವಾದವನ್ನು ವರ್ಷಗಟ್ಟಲೆ ಹೊತ್ತವರು ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಒಬ್ಬರೇ. ಕಟ್ಟಕಡೆಗೆ ನಿಂತವನ ಮೇಲೆಯೇ ಬೆರಳು ತೋರಿಸುವ ರೂಢಿ ನಮ್ಮ ಮೈದಾನದಲ್ಲಿಯೂ ಇದೆ. ಅಂದಿನ ಆಯ್ಕೆಯ ಆಟ ಮುಗಿದಾಗ ಬೈಸಿಕೊಂಡವನು ನಿಂತು ನೋಡಿದ ಹುಡುಗನಲ್ಲ, ಆ ಹಾಫ್‌ಬ್ಯಾಕ್.

ಆಟದ ರೀತಿಯೂ ಬದಲಾಗಿದೆ. ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂಬ ಹಳೆಯ ವಿನ್ಯಾಸದಲ್ಲಿ ಮುಂದಿನವರಿಗೆ ಚೆಂಡಿಗಾಗಿ ಕಾದು ನಿಲ್ಲುವ ಸವಲತ್ತು ಇತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲುಹಾಸು ಬಂದಿತು, 1990ರ ದಶಕದಲ್ಲಿ ಆಫ್‌ಸೈಡ್ ನಿಯಮವೇ ಹೋಯಿತು. ಈಗ ಮೈದಾನದ ಯಾವ ಮೂಲೆಯಲ್ಲಿ ಚೆಂಡು ಕಳೆದರೂ ಅಲ್ಲಿಂದಲೇ ಅಪಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸರಿಗೆ ಕೆಂಪು ಕಾರ್ಡು ತೋರಿಸಿದ ಮೇಲೆ, ಭಾರತ ನಲವತ್ತು ನಿಮಿಷಕ್ಕೂ ಮಿಕ್ಕಿ ಹತ್ತೇ ಜನರಿಂದ ಬ್ರಿಟನ್ನನ್ನು ತಡೆಹಿಡಿದು, 1-1ರಲ್ಲಿ ಉಳಿಸಿಕೊಂಡು, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಅಂದು ಮುಂಚೂಣಿಯವರಲ್ಲಿ ಒಬ್ಬನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರೂ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿಯೂ ಆ ಹುಡುಗನನ್ನು ಅಂದೇ ತಿರುಗಿ ಕಳಿಸುವುದನ್ನು ನಾನು ವಿರೋಧಿಸಿದೆ. ಆಟ ಮುಗಿದ ಮೇಲೆ ಅವನನ್ನು ಕರೆದು, ಏಕೆ ಹಿಂದಕ್ಕೆ ಬರಲಿಲ್ಲವೆಂದು ಕೇಳಿದ್ದೆ. ಅವನು ಹೆದರದೆ ಹೇಳಿದ: “ನಮ್ಮೂರಾಗ ಚೆಂಡ ಹೋತಂದ್ರ ಹಿಂದಿನವರ ಕೆಲಸರಿ ಸರ. ನನಗ ಮುಂದ ನಿಂದರ ಅಂತಾರ. ಹಿಂದ ಬಾ ಅಂತ ಯಾರೂ ಹೇಳೇ ಇಲ್ರಿ.”

ಇದು ಸೋಮಾರಿಯ ಉತ್ತರವಲ್ಲ. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನು ಉಳಿದವರೇ ಮುಂದೆ ನಿಲ್ಲಿಸಿ, ಅವನ ಪಾಲಿನ ಓಟವನ್ನು ತಾವು ಓಡಿದ್ದಾರೆ. ಕಲಿಯದಿರುವುದು ಬೇರೆ, ಕಲಿಯಲೊಲ್ಲದಿರುವುದು ಬೇರೆ. ಒಂದು ಮುಂಜಾವಿನ ಆಟದಲ್ಲಿ ಇವೆರಡೂ ಒಂದೇ ತೆರನಾಗಿ ಕಾಣುತ್ತವೆ. ಕೈಚಳಕ ಹತ್ತು ನಿಮಿಷದಲ್ಲಿ ಕಂಡುಬರುತ್ತದೆ. ಹೇಳಿದ್ದನ್ನು ಹುಡುಗ ಕಾಲಿಗೆ ಇಳಿಸುತ್ತಾನೆಯೇ ಎಂಬುದನ್ನು ತಿಳಿಯಲು ವಾರಗಳು ಬೇಕು. ನಮ್ಮ ಆಯ್ಕೆಯ ಪದ್ಧತಿಯ ದೋಷ ಇಲ್ಲಿದೆ ಎಂಬುದೇ ನನ್ನ ವಾದ.

ಆದಕಾರಣ ಇಬ್ಬರು ಹುಡುಗರನ್ನೂ ಆರು ವಾರ ನಿಲಯದಲ್ಲಿಯೇ ಇರಿಸಿಕೊಂಡು, ಆಮೇಲೆ ನಿರ್ಣಯಿಸಬೇಕೆಂದು ಸೂಚಿಸಿದೆ. ಇದರಿಂದ ಖರ್ಚು ಹೆಚ್ಚೆಂಬುದು ನಿಜ. ದಾನಿಗಳಲ್ಲಿ ಯಾರಿಗಾದರೂ ಇದು ದುಂದೆನಿಸಿದರೆ ನನ್ನನ್ನೇ ಕೇಳಬಹುದು. ಮುಖ್ಯಾಧ್ಯಾಪಕರು ಒಪ್ಪಿದರು. ಖಾನಾಪುರದ ಹುಡುಗನನ್ನು ಬ್ಯಾಕ್ ಆಟಗಾರನನ್ನಾಗಿ ಮಾಡುವುದು ಯಾರ ಉದ್ದೇಶವೂ ಅಲ್ಲ. ಹಾಗೆ ಮಾಡಿದರೆ ಇದ್ದ ಕಲೆಯೂ ಕೆಡುತ್ತದೆ. ಅವನಿಗೆ ಕೊಟ್ಟ ಪಾಠ ಚಿಕ್ಕದು. ಚೆಂಡು ಕಳೆದೊಡನೆ ನಿಲ್ಲದೆ ಐದು ಹೆಜ್ಜೆ ಹಿಂದಿರುಗಿ ಓಡಬೇಕು, ಸ್ಟಿಕ್ಕನ್ನು ನೆಲಕ್ಕೆ ಹಚ್ಚಿ ಎದುರಾಳಿಯ ಒಳದಾರಿಯನ್ನು ಮುಚ್ಚಬೇಕು, ಅವನನ್ನು ಬದಿಯ ಗೆರೆಯತ್ತ ತಳ್ಳಬೇಕು. ಚೆಂಡನ್ನು ಕಸಿದುಕೊಳ್ಳುವ ಕೆಲಸ ಹಾಫ್‌ಬ್ಯಾಕ್‌ನದು. ಬದಲಿ ಆಟಗಾರರನ್ನು ಎಷ್ಟು ಸಲವಾದರೂ ಇಳಿಸಲು ನಿಯಮವೇ ಅವಕಾಶ ಕೊಟ್ಟಿರುವಾಗ, ಹದಿನೈದು ನಿಮಿಷದ ಪಾದದಲ್ಲಿ ಅವನನ್ನು ಐದಾರು ನಿಮಿಷ ಆಡಿಸಿ, ದಣಿದೊಡನೆ ಹೊರಗೆ ಕರೆಯುವುದಕ್ಕೂ ಅಡ್ಡಿಯಿಲ್ಲ. ದಣಿದ ಕಾಲು ಹಿಂದಿರುಗುವುದಿಲ್ಲವೆಂಬುದು ಆಡಿದವರಿಗೆಲ್ಲ ಗೊತ್ತು.

ಇನ್ನೊಂದು ಸೂಚನೆಯನ್ನೂ ಮಾಡಿದ್ದೇನೆ. ಅದಕ್ಕೆ ಕೆಲವರು ನಕ್ಕರು. ಆಯ್ಕೆಯ ದಿನ ಗೋಲುಗಳನ್ನು ಎಣಿಸುವ ನಾವು, ಅಭ್ಯರ್ಥಿಯ ಹಿಂದೆ ಆಡಿದವನ ಅಭಿಪ್ರಾಯವನ್ನು ಒಮ್ಮೆಯೂ ಕೇಳಿದ್ದಿಲ್ಲ. ಫಾರ್ವರ್ಡ್ ಒಬ್ಬನು ತಂಡಕ್ಕೆ ಎಷ್ಟು ಭಾರವೆಂಬುದನ್ನು ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರಿಗಿಂತ ಅವನೇ ಚೆನ್ನಾಗಿ ಬಲ್ಲ. ಮುಂದಿನ ವರ್ಷದಿಂದ ಪ್ರತಿಯೊಬ್ಬ ಮುಂಚೂಣಿ ಆಟಗಾರನ ವಿಷಯದಲ್ಲಿ ಹಾಫ್‌ಬ್ಯಾಕ್‌ನ ಮಾತನ್ನೂ ಕೇಳಿ ಬರೆದಿಡಬೇಕು.

ಈ ಲೇಖನ ಬರೆಯುವ ಹೊತ್ತಿಗೆ ನಾಲ್ಕು ವಾರಗಳು ಕಳೆದಿವೆ. ನಗರದ ಹುಡುಗನೂ ಸುಮ್ಮನೆ ಕುಳಿತಿಲ್ಲ. ಅವನ ಹೊಡೆತ ಹದಗೊಂಡಿದೆ, ಸ್ಥಾನ ಯಾರಿಗೆ ಹೋಗುವುದೋ ಇಂದಿಗೂ ಹೇಳಬರುವಂತಿಲ್ಲ. ಮೊನ್ನೆ ಶನಿವಾರ ಆಟ ಮುಗಿದ ಮೇಲೆ ಬಲಬದಿಯ ಹಾಫ್‌ಬ್ಯಾಕ್‌ನನ್ನು ಕರೆದು, ಮುಂದಿನವನು ಹೇಗೆಂದು ಕೇಳಿದೆ. ಅವನು ಬೂಟಿನ ಕೆಮ್ಮಣ್ಣನ್ನು ಕೊಡವುತ್ತ ತುಸು ಯೋಚಿಸಿ ಹೇಳಿದ: “ಈಗ ಬರಾಕತ್ತಾನ್ರಿ ಸರ. ಸ್ವಲ್ಪ ತಡಾ ಮಾಡ್ತಾನ.”