ಬೆರಳ ತುದಿಯ ಚಿತ್ತಾರ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದೊಡನೆ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಪರೀಕ್ಷೆಯ ಫಲಿತಾಂಶವನ್ನೋ ಶಿಸ್ತಿನ ವಿಷಯವಾದ ನಾಲ್ಕು ಹಿತವಚನಗಳನ್ನೋ ನಿರೀಕ್ಷಿಸುವುದು ಸಹಜವೇ ಸರಿ. ಈ ಸಲ ನಾನು ಬರೆಯಹೊರಟಿರುವುದು ಹುಡುಗಿಯರ ಉಗುರಿನ ವಿಷಯವನ್ನು. ಇದೆಂತಹ ಅಲ್ಪ ವಿಷಯವೆಂದು ಯಾರಾದರೂ ನಗುವುದಾದರೆ, ಲೇಖನವು ಮುಗಿಯುವ ತನಕ ಆ ನಗುವನ್ನು ತಡೆದುಕೊಳ್ಳಬೇಕೆಂದು ಬೇಡುತ್ತೇನೆ. ಏಕೆಂದರೆ ಈ ಅಲ್ಪ ವಿಷಯದಲ್ಲಿ ನಾನು ಅಲ್ಪವಲ್ಲದ ಒಂದು ತಪ್ಪನ್ನು ಮಾಡಿರುವೆನು.

ಒಂದು ಸೋಮವಾರ ಬೆಳಗಿನ ಪ್ರಾರ್ಥನೆಗೆ ನಿಂತಿದ್ದ ಸಾಲಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಹತ್ತು ಉಗುರುಗಳೂ ಥಳಥಳಿಸುತ್ತಿದ್ದುವು. ಶಾಲೆಗೆ ಬಣ್ಣ ಹಚ್ಚಿಕೊಂಡು ಬರಕೂಡದೆಂಬ ನಿಯಮವು ನಮ್ಮಲ್ಲಿ ಮೊದಲಿನಿಂದಲೂ ಉಂಟು. ನಾನು ಅವಳನ್ನು ಮುಂದಕ್ಕೆ ಕರೆದು, ಎಲ್ಲರೂ ನೋಡುತ್ತಿರುವಂತೆಯೇ ಅದನ್ನು ಕೆರೆದು ತೆಗೆಯಹೇಳಿದೆನು. ಅವಳು ಸ್ಕೇಲಿನ ಅಂಚಿನಿಂದ ಒಂದೊಂದೇ ಉಗುರನ್ನು ಕೆರೆದಳು, ಅಳಲಿಲ್ಲ. ಮಾರನೆಯ ದಿನವೂ ಅದರ ಮಾರನೆಯ ದಿನವೂ ಶಾಲೆಗೆ ಬರಲಿಲ್ಲ. ಶಿಸ್ತು ನೆಲೆಗೊಂಡಿತೆಂದು ನಾನು ತಿಳಿದುಕೊಂಡೆನು.

ಬೇಸಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆಗೆಂದು ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಗೆ ಹೋಗಿದ್ದೆನು. ಸುತ್ತಲೂ ತೆಂಗಿನ ತೋಟಗಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವ ಕಾಯಿಗಳು. ಮದುವೆಯ ಮನೆಯ ಜಗಲಿಯಲ್ಲಿ ಮದುಮಗಳ ಕೈಯನ್ನು ತನ್ನ ಮಡಿಲಿನಲ್ಲಿಟ್ಟುಕೊಂಡು ಕುಳಿತಿದ್ದವಳು ಆ ಹುಡುಗಿಯೇ. ಇಬ್ಬರೂ ಬಂಧುಗಳೆಂಬುದು ನನಗೆ ತಿಳಿದಿರಲಿಲ್ಲ. ನನ್ನನ್ನು ಕಂಡೊಡನೆ ಅವಳು ಮಾಡಿದ ಮೊದಲನೆಯ ಕೆಲಸವೆಂದರೆ ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದು. “ಸ್ಕೂಲು ಶುರುವಾಗೋ ಹೊತ್ತಿಗೆ ತೆಗೆದುಬಿಡ್ತೀನಿ, ಮೇಡಂ” ಎಂದಳು. ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳನ್ನು ಕಂಡು ಹುಡುಗಿಯೊಬ್ಬಳು ತನ್ನ ಕೈಗಳನ್ನು ಬಚ್ಚಿಡಬೇಕಾಯಿತಲ್ಲಾ ಎಂದು ನನಗೆ ಬಹಳ ನಾಚಿಕೆಯಾಯಿತು. “ಕೆಲಸ ನಿಲ್ಲಿಸಬೇಡಮ್ಮಾ, ನಾನೂ ನೋಡುತ್ತೇನೆ” ಎಂದು ಅವಳ ಪಕ್ಕದಲ್ಲಿ ಕುಳಿತುಕೊಂಡೆನು.

ಅಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಉಗುರಿಗೆ ಬಣ್ಣವಿಲ್ಲದ ಲೇಪ; ಅದು ಒಣಗಿದ ಮೇಲೆ ಗ್ಲಿಟರ್ ಪಾಲಿಷನ್ನು ತೆಳ್ಳಗೆ ಎರಡು ಸಲ ಹಚ್ಚುವುದು. ಗ್ಲಿಟರಿನ ಕಣಗಳಿಂದ ಉಗುರಿನ ಮೈ ಒರಟಾಗುವುದರಿಂದ ಚಿತ್ರವು ಅದರ ಮೇಲೆ ಹರಿದು ಚೂರುಚೂರಾಗಿ ಕೂರುವುದಂತೆ. ಆದಕಾರಣ ಮತ್ತೊಮ್ಮೆ ಬಣ್ಣವಿಲ್ಲದ ಲೇಪವನ್ನು ಕೊಟ್ಟು ಮೈಯನ್ನು ಸಮಮಾಡಿ, ಪೂರ್ತಿ ಒಣಗುವ ತನಕ ಕಾಯಬೇಕು. ಅನಂತರ ಉಕ್ಕಿನ ತಗಡು. ಅದರಲ್ಲಿ ಹೂ, ಬಳ್ಳಿ, ನವಿಲು ಮುಂತಾದ ಚಿತ್ರಗಳನ್ನು ಕೂದಲೆಳೆಯಷ್ಟು ತಗ್ಗಾಗಿ ಕೊರೆದಿರುವುದು. ಮುದ್ರಣಾಲಯದ ಅಚ್ಚುಮೊಳೆಯಲ್ಲಿ ಅಕ್ಷರವು ಉಬ್ಬಿರುವುದಷ್ಟೆ; ಇಲ್ಲಿ ಅದಕ್ಕೆ ವಿರುದ್ಧ. ತಗಡಿನ ಮೇಲೆ ಗಟ್ಟಿಯಾದ ಕಪ್ಪು ಬಣ್ಣವನ್ನು ಸವರಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಒಂದೇ ಎಳೆತಕ್ಕೆ ಬಳಿದುಬಿಟ್ಟರೆ, ತಗ್ಗಿನಲ್ಲಿರುವಷ್ಟು ಬಣ್ಣ ಮಾತ್ರ ಉಳಿಯುವುದು. ಮೃದುವಾದ ಸಿಲಿಕೋನಿನ ಮುದ್ರೆಯನ್ನು ಅದರ ಮೇಲೆ ಒತ್ತಿ ಚಿತ್ರವನ್ನೆತ್ತಿ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉರುಳಿಸಿದರೆ ಮುಗಿಯಿತು. ಎರಡು ಸಲ ಮಗುಚುವುದರಿಂದ ತಗಡಿನಲ್ಲಿ ಹೇಗಿದ್ದಿತೋ ಹಾಗೆಯೇ ಉಗುರಿನ ಮೇಲೂ ಕಾಣುವುದು. ಇದೆಲ್ಲವೂ ಕೆಲವೇ ಕ್ಷಣಗಳಲ್ಲಿ ಆಗಬೇಕು. ತಡವಾದರೆ ಬಣ್ಣವು ತಗಡಿನಲ್ಲಿಯೇ ಒಣಗುವುದು. ಕೊನೆಯ ಲೇಪಕ್ಕೆ ಮಾತ್ರ ಅವಸರ ಕೂಡದು. ಆ ಲೇಪದ ದ್ರವವೇ ಚಿತ್ರವನ್ನು ಕರಗಿಸುವುದರಿಂದ, ಕುಂಚವನ್ನು ಒತ್ತದೆ ದಪ್ಪ ಹನಿಯೊಂದನ್ನು ಮೇಲೆ ತೇಲಿಸುವಂತೆ ಎಳೆಯಬೇಕು.

ಇದನ್ನು ಅವಳಿಗೆ ಕಲಿಸಿದವರು ಯಾರೂ ಇಲ್ಲ. ಫೋನಿನಲ್ಲಿ ನೋಡಿ, ಹತ್ತಾರು ಸಲ ಕೆಡಿಸಿ, ಕಾರಣವನ್ನು ತಾನೇ ಕಂಡುಕೊಂಡಿದ್ದಳು. ಇದೇ ಹುಡುಗಿಯ ವಿಜ್ಞಾನದ ಪುಸ್ತಕದಲ್ಲಿ “ಗಮನ ಸಾಲದು” ಎಂದು ಷರಾ ಬರೆದವಳು ನಾನು.

ಮದುಮಗಳ ಕೈ ಮುಗಿದ ಮೇಲೆ ಅವಳು ತನ್ನ ತಾಯಿಯ ಕೈಯನ್ನು ಎಳೆದುಕೊಂಡಳು. ಆಕೆ ವರ್ಷವೆಲ್ಲಾ ಕೊಬ್ಬರಿಯ ಕರಟ ಬಿಡಿಸುವ ಕೆಲಸ ಮಾಡತಕ್ಕವರು. ಉಗುರುಗಳು ಸವೆದು ಸೀಳಿದ್ದುವು. “ನಂಗ್ಯಾಕೆ, ಬ್ಯಾಡ ಅಂದೆ ಮೇಡಂನೋರೆ, ಕೇಳ್ಲಿಲ್ಲ. ಮದುವೆ ಮನೇಲಿ ನಿನ್ನ ಕೈಯೂ ಚಂದ ಕಾಣ್ಲಿ ಅಂತಾಳೆ” ಎಂದು ಆಕೆ ನಕ್ಕರು. ಮಗಳು ಆ ಸೀಳಿದ ಉಗುರುಗಳ ಮೇಲೆ ಒಂದೊಂದು ಮಲ್ಲಿಗೆಯನ್ನು ಒತ್ತಿದಳು. ಇದನ್ನು ಕಂಡ ಮೇಲೂ ಉಗುರಿನ ಬಣ್ಣವೆಂದರೆ ಬರಿಯ ಬಿಂಕವೆಂದು ಹೇಳುವ ಧೈರ್ಯ ನನಗೆ ಉಳಿಯಲಿಲ್ಲ.

ವಿಚಾರ ಮಾಡಿ ನೋಡಿದರೆ ಇದು ನಮಗೆ ಹೊಸತೂ ಅಲ್ಲ. ಗೋರಂಟಿಯ ಸೊಪ್ಪನ್ನು ಅರೆದು ಬೆರಳಿನ ತುದಿಗೆ ಮೆತ್ತಿಕೊಂಡು ರಾತ್ರಿಯೆಲ್ಲಾ ಅಲುಗಾಡದೆ ಮಲಗಿದವರು ನಮ್ಮ ಅಜ್ಜಿಯರೇ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲೆ ಬಿಡುವ ಕೈಯನ್ನು ಹೊಗಳುವ ನಾವು, ಅದೇ ಕೈ ಬೆರಳಗಲದ ಜಾಗದಲ್ಲಿ ಬಳ್ಳಿಯನ್ನು ಕೂರಿಸಿದರೆ ಜರೆಯುವುದು ನ್ಯಾಯವೆ? ಪರದೇಶದ ಪದಾರ್ಥವೆಂಬ ಆಕ್ಷೇಪಣೆಯುಂಟು. ಅಮೆರಿಕದ ಕ್ಯೂಟೆಕ್ಸ್ ಎಂಬವರು ದ್ರವರೂಪದ ಪಾಲಿಷನ್ನು 1917ರಲ್ಲಿ ಮಾರಾಟಕ್ಕೆ ತಂದುದೂ, ಕೊರಿಯದ ಕೊನಾಡ್ ಎಂಬವರ ತಗಡುಗಳು ಈ ಅಚ್ಚೊತ್ತುವ ಕೆಲಸವನ್ನು ಮನೆಮನೆಗೆ ಪರಿಚಯಿಸಿದುದೂ ನಿಜ. ಆದರೆ ನಮ್ಮ ದೇಶದಲ್ಲಿಯೇ ಟಾಟಾ ಸಂಸ್ಥೆಯವರು 1952ರಲ್ಲಿ ಲ್ಯಾಕ್ಮೆಯನ್ನು ಆರಂಭಿಸಿದರು. ಹೊಲಿಗೆಯ ಯಂತ್ರವೂ ಹೊರಗಿನಿಂದಲೇ ಬಂದಿತು; ಅದನ್ನು ನಾವು ಬೇಡವೆನ್ನಲಿಲ್ಲ.

ಹಾಗೆಂದು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಕಲಿಸಬೇಕಾದುದನ್ನು ಕಲಿಸದೆ ಬರಿಯ ನಿಷೇಧವನ್ನು ಹೇರಿದುದೇ ನಮ್ಮ ಲೋಪ. ಬಣ್ಣ ತೆಗೆಯುವ ಅಸಿಟೋನ್ ಕ್ಷಣದಲ್ಲಿ ಆವಿಯಾಗುವ, ಬೆಂಕಿಗೆ ಬಹು ಬೇಗ ಹೊತ್ತಿಕೊಳ್ಳುವ ದ್ರವ. ಅದರ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಿದು ಒಲೆಯನ್ನು ಮುಟ್ಟಬಲ್ಲದು. ತೆಂಗಿನ ಮಟ್ಟೆಯೂ ಕರಟವೂ ಉರಿಯುವ ನಮ್ಮ ಸೀಮೆಯ ಅಡಿಗೆಮನೆಗಳ ಬಳಿ ಈ ಕೆಲಸವು ಸರ್ವಥಾ ಕೂಡದು; ಗಾಳಿಯಾಡುವ ಜಗಲಿಯಲ್ಲಿ ಹಗಲು ಹೊತ್ತಿನಲ್ಲಿ ಆಗಬೇಕು. ಗ್ಲಿಟರನ್ನು ಕೆರೆದು ತೆಗೆಯಬಾರದು. ಕೆರೆದರೆ ಉಗುರಿನ ಪದರವೂ ಎದ್ದುಬರುವುದು. ಹತ್ತಿಯನ್ನು ದ್ರವದಲ್ಲಿ ನೆನೆಸಿ ಉಗುರಿನ ಮೇಲೆ ಕೆಲವು ನಿಮಿಷ ಇರಿಸಿದರೆ ಅದು ತಾನೇ ಸಡಿಲವಾಗುವುದು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದು; ಬುಡದಿಂದ ತುದಿಯವರೆಗೆ ಹೊಸದಾಗಲು ಸುಮಾರು 6 ತಿಂಗಳು ಬೇಕು. ನಾನು ಕೆರೆಯಿಸಿದ ಉಗುರುಗಳ ಲೆಕ್ಕವನ್ನು ಇದರಿಂದ ತಾವೇ ಹಾಕಬಹುದು. ಮುದ್ದೆಯನ್ನು ಕೈಯಿಂದಲೇ ಮುರಿದುಣ್ಣುವ ನಾವು, ಚಕ್ಕೆಯೇಳುತ್ತಿರುವ ಬಣ್ಣದೊಡನೆ ತಟ್ಟೆಯ ಮುಂದೆ ಕೂರಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ತೀರ ಚಿಕ್ಕ ಮಕ್ಕಳಿಗೆ ಗೋರಂಟಿಯೇ ಸಾಕು.

ಇನ್ನೂ ಒಂದು ಸಂಗತಿಯನ್ನು ದೊಡ್ಡ ಹುಡುಗಿಯರು ಅರಿತಿರಬೇಕು. ಗ್ಲಿಟರ್ ಎಂಬುದು ಬಹುಮಟ್ಟಿಗೆ ಪ್ಲಾಸ್ಟಿಕಿನ ಪುಡಿ. ತೊಳೆದರೂ ಒರಸಿದರೂ ಅದು ಮಣ್ಣಿಗೋ ನೀರಿಗೋ ಸೇರಿ ಉಳಿಯುವುದು. ಯೂರೋಪಿನ ಒಕ್ಕೂಟದವರು 2023ರ ಅಕ್ಟೋಬರಿನಿಂದ ಬಿಡಿಯಾದ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟವನ್ನು ತಡೆದಿದ್ದಾರೆ. ಅನೇಕ ಪಾಲಿಷುಗಳಿಗೆ ಮಿನುಗನ್ನು ಕೊಡುವ ಅಭ್ರಕದ ಕತೆ ಇನ್ನೂ ಕಠಿಣವಾದುದು. ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಕಡೆಯ ಗಣಿಗಳಲ್ಲಿ ಅಭ್ರಕವನ್ನು ಆಯ್ದವರಲ್ಲಿ ನಮ್ಮ ವಿದ್ಯಾರ್ಥಿನಿಯರಿಗಿಂತ ಚಿಕ್ಕ ಮಕ್ಕಳೂ ಇದ್ದರೆಂಬುದು ಹಲವು ಸಲ ಬೆಳಕಿಗೆ ಬಂದಿರುವುದು. ಇದನ್ನು ತಿಳಿದ ಹುಡುಗಿ ದಿನವೂ ಹತ್ತು ಉಗುರಿಗೆ ಗ್ಲಿಟರ್ ಬಳಿಯಳು. ಹಬ್ಬಕ್ಕೋ ಮದುವೆಗೋ ಒಂದೆರಡು ಬೆರಳಿಗೆ ಹಚ್ಚಿ ತೃಪ್ತಳಾಗುವಳು. ಹಿತಮಿತವನ್ನು ಬೈಗುಳವು ಕಲಿಸಲಾರದು, ತಿಳಿವಳಿಕೆಯು ಕಲಿಸುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆನು.

ಆದುದರಿಂದ ಮುಂದಿನ ವರ್ಷದಿಂದ ನಡೆಯತಕ್ಕ ವ್ಯವಸ್ಥೆಯನ್ನು ತಮ್ಮ ಗಮನಕ್ಕೆ ತರುತ್ತೇನೆ. ಶಾಲೆಯ ದಿನಗಳಲ್ಲಿ ಉಗುರು ಬರಿದಾಗಿರಬೇಕೆಂಬ ನಿಯಮವು ಹಾಗೆಯೇ ಇರುವುದು. ಕೊಳ್ಳಬಲ್ಲವರ ಮತ್ತು ಕೊಳ್ಳಲಾರದವರ ಕೈಗಳು ತರಗತಿಯಲ್ಲಿ ಒಂದೇ ತೆರನಾಗಿರುವುದು ಒಳ್ಳೆಯದು. ಮರೆತು ಬಂದವಳನ್ನು ಸಾಲಿನ ಮುಂದೆ ನಿಲ್ಲಿಸುವ ಪದ್ಧತಿ ಮಾತ್ರ ನಿಂತುಹೋಗುವುದು. ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಹತ್ತಿಯೂ ಬಣ್ಣ ತೆಗೆಯುವ ದ್ರವವೂ ಇರುವುವು. ಅವಳು ಬಂದು ಸದ್ದಿಲ್ಲದೆ ತೆಗೆದುಕೊಂಡು ಹೋಗಲಿ. ಶಾಲಾ ದಿನದ ಕೈಗೆಲಸದ ಪ್ರದರ್ಶನದಲ್ಲಿ ಕಸೂತಿ, ರಂಗೋಲೆಗಳ ಪಕ್ಕದಲ್ಲಿ ಇದಕ್ಕೂ ಒಂದು ಮೇಜನ್ನು ಕೊಡುವೆವು. ತಾಯಿತಂದೆಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಮಗಳು ಚಿತ್ತಾರಕ್ಕೆ ಕುಳಿತಾಗ ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ, ಒಲೆಯಿಂದ ದೂರವಿರಿಸಿರಿ, ಆಮೇಲೆ ಬೇಕಾದರೆ ಬುದ್ಧಿ ಹೇಳಿರಿ.

ಶಾಲೆ ತೆರೆದ ದಿನ ನಾನು ಆ ಹುಡುಗಿಯನ್ನು ನನ್ನ ಕೊಠಡಿಗೆ ಕರೆದು, ಅಂದು ನಾನು ನಡೆದುಕೊಂಡುದು ತಪ್ಪೆಂದು ಹೇಳಿದೆನು. ಅವಳು ಏನೂ ಮಾತಾಡಲಿಲ್ಲ. ಮೇಜಿನ ಮೇಲೆ ಎರಡು ಕೈಗಳನ್ನೂ ಚಾಚಿ ತೋರಿಸಿದಳು. ಉಗುರುಗಳು ಬರಿದಾಗಿದ್ದುವು, ಸ್ಕೇಲಿನ ಗುರುತುಗಳು ತುದಿಯ ಕಡೆಗೆ ಸರಿದಿದ್ದುವು, ಇನ್ನೂ ಪೂರ್ತಿ ಹೋಗಿರಲಿಲ್ಲ.