ಮಾರುವ ಮುನ್ನ ದುರಸ್ತಿ: ಯಾವುದು ಅಗತ್ಯ, ಯಾವುದು ಅಲಂಕಾರ

ಅಡಿಕೆ ವ್ಯಾಪಾರ ಮುಗಿದು ಮಳೆಗಾಲ ಆರಂಭವಾಗುವುದರೊಳಗಿನ ಅವಧಿಯಲ್ಲಿ ಮಲೆನಾಡಿನ ಊರುಗಳಲ್ಲಿ ಹಳೆಯ ವಾಹನಗಳು ಕೈ ಬದಲಾಯಿಸುತ್ತವೆ. ಕೈಯಲ್ಲಿ ಸ್ವಲ್ಪ ಹಣವಿರುವವನು ಹೊಸ ಕಾರಿನತ್ತ ನೋಡುತ್ತಾನೆ. ಅವನ ಹಳೆಯ ಜೀಪು ಅಥವಾ ಓಮ್ನಿಯನ್ನು ಪಕ್ಕದ ಊರಿನ ಇನ್ನೊಬ್ಬ ಕೊಳ್ಳುತ್ತಾನೆ. ಆಗ ಮಾರುವವನ ಮುಂದೆ ಒಂದು ಪ್ರಶ್ನೆ ಏಳುತ್ತದೆ: ಇರುವ ದೋಷಗಳನ್ನು ದುರಸ್ತಿ ಮಾಡಿಸಿ ಮಾರಬೇಕೆ, ಇದ್ದ ಹಾಗೆಯೇ ಕೊಟ್ಟುಬಿಡಬೇಕೆ? ಸಾಮಾನ್ಯವಾಗಿ ಇದನ್ನು ಜೇಬಿನ ಲೆಕ್ಕವೆಂದು ಮಾತ್ರ ಪರಿಗಣಿಸಲಾಗುತ್ತದೆ. ಘಟ್ಟದ ರಸ್ತೆಯೂ ಹಳ್ಳದ ನೀರೂ ಇರುವ ಸೀಮೆಯಲ್ಲಿ ಆ ಲೆಕ್ಕ ಅಪೂರ್ಣ.

ಮೊದಲು ಜೇಬಿನ ಲೆಕ್ಕವನ್ನೇ ನೋಡಬಹುದು. ಒಂದೂವರೆ ಲಕ್ಷ ರೂಪಾಯಿ ಬೆಲೆಬಾಳುವ ಹಳೆಯ ಕಾರಿಗೆ ಟಿಂಕರಿಂಗ್ ಮತ್ತು ಬಣ್ಣಕ್ಕೆಂದು 30,000 ರೂಪಾಯಿ ವೆಚ್ಚ ಮಾಡಲಾಯಿತು ಎಂದು ಭಾವಿಸೋಣ. ಕೊಳ್ಳುವವನು ಅದಕ್ಕಾಗಿ 30,000 ಹೆಚ್ಚು ಕೊಡುವುದು ಅಪರೂಪ. ಹಳೆಯ ವಾಹನದ ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ವಯಸ್ಸು, ಓಡಿದ ದೂರ, ಎಂಜಿನ್ನಿನ ಸ್ಥಿತಿ ಮತ್ತು ಕಾಗದಪತ್ರ. ಆದ್ದರಿಂದ ದೊಡ್ಡ ದುರಸ್ತಿಯ ಹಣ ಪೂರ್ತಿಯಾಗಿ ಹಿಂದಿರುಗುವುದಿಲ್ಲವೆಂಬ ದಲ್ಲಾಳಿಗಳ ಮಾತು ಬಹುಮಟ್ಟಿಗೆ ನಿಜ. ಆದರೆ ಅದರ ಜೊತೆಗೆ ಅವರು ಕೊಡುವ ಇನ್ನೊಂದು ಸಲಹೆ, ಅಂದರೆ ತೊಳೆದು, ಹೊಳಪು ಕೊಟ್ಟು, ಸೀಟಿನ ಹೊದಿಕೆ ಬದಲಿಸಿ, ಒಳಗಿನ ದೋಷವನ್ನು ಹೇಳದೆ ಮಾರುವುದು, ಇಡೀ ಸಮುದಾಯಕ್ಕೆ ನಷ್ಟ ತರುವಂಥದು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಎತ್ತಿಕೊಂಡಿತ್ತು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಕೊಳ್ಳುಗನು ಎಲ್ಲದಕ್ಕೂ ನಡುವಣ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ಅವನು ಹಿಂದೆ ಸರಿದಂತೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಹೆಚ್ಚುತ್ತವೆ, ಬೆಲೆ ಇನ್ನಷ್ಟು ಇಳಿಯುತ್ತದೆ. 2001ರಲ್ಲಿ ಇನ್ನಿಬ್ಬರೊಂದಿಗೆ ಅಕರ್ಲಾಫ್ ಅವರಿಗೆ ನೊಬೆಲ್ ಪುರಸ್ಕಾರ ದೊರೆತದ್ದು ಇಂಥ ಅಧ್ಯಯನಕ್ಕೇ. ಇದರ ತಾತ್ಪರ್ಯ ರೈತರಿಗೆ ಹೊಸದಲ್ಲ. ರೋಗದ ತೋಟದಿಂದ ಎಬ್ಬಿಸಿದ ಅಡಿಕೆ ಸಸಿಯನ್ನು ಒಳ್ಳೆಯ ಸಸಿಯೆಂದು ನಾಲ್ಕು ಜನ ಮಾರಿದರೆ, ಐದನೆಯವನ ನಿಜವಾದ ಒಳ್ಳೆಯ ಸಸಿಗೂ ಬೆಲೆ ಸಿಗುವುದಿಲ್ಲ.

ಆದ್ದರಿಂದ ದುರಸ್ತಿಗಳನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡುವುದು ಸೂಕ್ತ.

ಮೊದಲನೆಯದು ಜೀವಕ್ಕೆ ಸಂಬಂಧಿಸಿದ್ದು: ಬ್ರೇಕು, ಸ್ಟಿಯರಿಂಗ್, ಟಯರು, ದೀಪ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್-3 ದರ್ಜೆಯ ಹೊಸ ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೇಲೆ. ತೇವ ಹೀರಿದ ಆಯಿಲ್‌ಗೆ ಅದೇ ದರ್ಜೆ ವಿಧಿಸುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಆಗುಂಬೆ ಅಥವಾ ಚಾರ್ಮಾಡಿಯಂಥ ಘಟ್ಟವನ್ನು ಬ್ರೇಕ್ ಒತ್ತುತ್ತಲೇ ಇಳಿಯುವಾಗ ಉಂಟಾಗುವ ಶಾಖದಲ್ಲಿ ಹಳೆಯ ಆಯಿಲ್ ಕುದಿದು ಆವಿಯಾಗಬಲ್ಲದು. ಆವಿ ತುಂಬಿದ ನಳಿಗೆಯಲ್ಲಿ ಒತ್ತಡ ಸಾಗದೆ ಪೆಡಲ್ ತಳಕ್ಕಿಳಿಯುತ್ತದೆ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಬಯಲಾಗದ ದೋಷ ಇಲ್ಲಿ ಒಂದೇ ತಿರುವಿನಲ್ಲಿ ಪ್ರಾಣ ತೆಗೆಯಬಹುದು. ಬ್ರೇಕ್ ಆಯಿಲ್ ಬದಲಿಸುವ ವೆಚ್ಚವಾದರೋ ಬಣ್ಣದ ವೆಚ್ಚದ ಅಲ್ಪ ಭಾಗ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಗೆರೆ ಆಳವಾಗಿದ್ದರೂ ವಯಸ್ಸಾದ ರಬ್ಬರು ಗಡುಸಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಈ ಬಗೆಯ ದುರಸ್ತಿಯಲ್ಲಿ ಲಾಭನಷ್ಟದ ಪ್ರಶ್ನೆಯೇ ಇಲ್ಲ, ಮಾಡಿಸಿಯೇ ಮಾರಬೇಕು.

ಎರಡನೆಯದು ನೆಲ, ನೀರು, ಗಾಳಿಗೆ ಸಂಬಂಧಿಸಿದ್ದು. ಎಂಜಿನ್ ಆಯಿಲ್ ಸೋರಿಕೆಯನ್ನು ಚಿಕ್ಕ ದೋಷವೆಂದು ಬಿಡಲಾಗುತ್ತದೆ. ಮನೆಯಂಗಳ ಮೇಲೆ, ತೋಟ ಕೆಳಗೆ, ಅದರ ಕೆಳಗೆ ಹಳ್ಳ ಇರುವ ಊರಿನಲ್ಲಿ ತೊಟ್ಟಿಕ್ಕಿದ ಆಯಿಲ್ ಮೊದಲ ಮಳೆಗೇ ನೀರು ಸೇರುತ್ತದೆ. ಉಪಯೋಗಿಸಿದ ಆಯಿಲ್‌ನಲ್ಲಿ ಎಂಜಿನ್ನಿನ ಸವೆದ ಲೋಹದ ಕಣಗಳೂ ಅರೆಸುಟ್ಟ ಇಂಧನದ ವಿಷಗಳೂ ಇರುತ್ತವೆ. ಅದು ಬಿದ್ದ ಮಣ್ಣು ನೀರನ್ನು ಸರಿಯಾಗಿ ಹೀರಿಕೊಳ್ಳಲಾರದು. ರೇಡಿಯೇಟರಿಗೆ ಹಾಕುವ ಕೂಲೆಂಟ್‌ನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿಗೂ ದನಕ್ಕೂ ವಿಷ. ಬಿಎಸ್-6 ಮಾನದಂಡ 2020ರ ಏಪ್ರಿಲ್‌ನಲ್ಲಿ ದೇಶವ್ಯಾಪಿಯಾಗಿ ಜಾರಿಗೆ ಬರುವುದಕ್ಕೂ ಮುಂಚಿನ ಹಳೆಯ ಡೀಸೆಲ್ ವಾಹನಗಳಲ್ಲಿ ಹೊಗೆಯ ಕಣಗಳನ್ನು ತಡೆಯುವ ಸೋಸುಗ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳ ಹೊಗೆಯ ಪ್ರಮಾಣ ಇಂಜೆಕ್ಟರ್ ಮತ್ತು ಏರ್ ಫಿಲ್ಟರಿನ ಆರೈಕೆಯನ್ನೇ ಹೆಚ್ಚಾಗಿ ಅವಲಂಬಿಸಿದೆ. ಸೋರುವ, ಹೊಗೆಯುಗುಳುವ ವಾಹನ ಮಾರಾಟವಾದ ಮಾತ್ರಕ್ಕೆ ಊರಿನಿಂದ ದೂರವಾಗುವುದಿಲ್ಲ. ಮೇಲಿನ ಹಳ್ಳಿಗೆ ಹೋದರೆ ಅದರ ಆಯಿಲ್ ಕೆಳಗಿನ ಹಳ್ಳಿಗೆ ಬರುತ್ತದೆ. ಇದನ್ನೂ ಸರಿಪಡಿಸಿಯೇ ಕೊಡುವುದು ಕರ್ತವ್ಯ.

ಮೂರನೆಯದು ನೋಟಕ್ಕೆ ಸಂಬಂಧಿಸಿದ್ದು: ಬಣ್ಣ, ಹೊಳಪು, ಸೀಟು, ಸಂಗೀತದ ಪೆಟ್ಟಿಗೆ. ಇದಕ್ಕೆ ಒಂದು ಪೈಸೆಯನ್ನೂ ಸುರಿಯುವ ಅಗತ್ಯವಿಲ್ಲ. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ವಾಹನದ ಅಡಿಭಾಗಕ್ಕೆ ಮೆತ್ತಿದ ಕೆಸರೂ ದರಗೂ ಒದ್ದೆಯನ್ನು ಹಿಡಿದಿಟ್ಟುಕೊಂಡು ಚಾಸಿಯನ್ನು ತಿನ್ನುತ್ತವೆ. ತುಕ್ಕಿನ ಮೇಲೆ ಬಳಿದ ಕಪ್ಪು ಬಣ್ಣ ತುಕ್ಕನ್ನು ನಿಲ್ಲಿಸುವುದಿಲ್ಲ, ಕೊಳ್ಳುವವನ ಕಣ್ಣಿಗೆ ಮರೆ ಮಾಡುತ್ತದೆ. ಎರಡು ಹೊತ್ತು ಹಾಲು ಕರೆಯದೆ ಕೆಚ್ಚಲು ಬಿಗಿಸಿಕೊಂಡು ಹಸುವನ್ನು ಜಾತ್ರೆಗೆ ಹೊಡೆದುಕೊಂಡು ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಕಾನೂನಿನ ದೃಷ್ಟಿಯಲ್ಲೂ ಇದು ಗಮನಾರ್ಹ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು, ಗೊತ್ತಿರುವ ಸಂಗತಿಯನ್ನು ಮೋಸದ ಉದ್ದೇಶದಿಂದ ಮುಚ್ಚಿಡುವುದನ್ನು ವಂಚನೆಯೆಂದು ಕರೆಯುತ್ತದೆ. ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲ ಎಂದೂ ಅದು ಹೇಳುತ್ತದೆ. ಅದಕ್ಕೆ ಕಾಯಿದೆ ಕೊಡುವ ದೃಷ್ಟಾಂತ ಕುದುರೆಯದು: ದೋಷವುಳ್ಳ ಕುದುರೆಯನ್ನು ಒಬ್ಬ ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಸಂಬಂಧವೇ ಆ ಕರ್ತವ್ಯವನ್ನು ಹುಟ್ಟಿಸುತ್ತದೆ. ಮಲೆನಾಡಿನ ಹಳ್ಳಿಯಲ್ಲಿ ಕೊಳ್ಳುವವನು ಹರಾಜಿನ ಅಪರಿಚಿತನಾಗಿರುವುದು ಕಡಿಮೆ. ಅವನು ಸಂಘದ ಸದಸ್ಯ, ಕೂಲಿಯಾಳಿನ ಮಗ ಅಥವಾ ಹೆಂಡತಿಯ ತವರಿನವನು. ಆ ಜೀಪಿನಲ್ಲಿ ಶಾಲೆಗೆ ಹೋಗುವುದು ಇದೇ ಊರಿನ ಮಕ್ಕಳು. ನ್ಯಾಯಾಲಯ ಕೇಳದಿದ್ದರೂ ಇಲ್ಲಿನ ಸಂಬಂಧ ಆ ಕರ್ತವ್ಯವನ್ನು ಕೇಳುತ್ತದೆ.

ಇದಕ್ಕೆ ನ್ಯಾಯವಾದ ಆಕ್ಷೇಪವೊಂದಿದೆ. ಕೊಳೆರೋಗದಿಂದ ಫಸಲು ಕಳೆದುಕೊಂಡು ಸಾಲ ತೀರಿಸಲೆಂದೇ ಜೀಪು ಮಾರುವವನು ದುರಸ್ತಿಗೆ ಹಣ ಎಲ್ಲಿಂದ ತರಬೇಕು? ಅಲ್ಲದೆ ಮಾರುವ ಉದ್ದೇಶದಿಂದ ಮಾಡಿಸುವ ದುರಸ್ತಿ ಅತಿ ಅಗ್ಗದ ಬಿಡಿಭಾಗಗಳ ದುರಸ್ತಿಯಾಗಿಬಿಡುವ ಅಪಾಯವೂ ಇದೆ. ಎರಡಕ್ಕೂ ಪರಿಹಾರ ಒಂದೇ. ಮಾರುವವನೂ ಕೊಳ್ಳುವವನೂ ಒಟ್ಟಿಗೆ ಗ್ಯಾರೇಜಿಗೆ ಹೋಗಿ, ದೋಷಗಳ ಪಟ್ಟಿಯನ್ನೂ ಅಂದಾಜು ವೆಚ್ಚವನ್ನೂ ಬರೆಸಿಕೊಂಡು, ಆ ಮೊತ್ತವನ್ನು ಬೆಲೆಯಲ್ಲಿ ಕಳೆಯುವುದು. ದುರಸ್ತಿ ಮುಗಿದ ಮೇಲೆಯೇ ವಾಹನ ಗ್ಯಾರೇಜಿನಿಂದ ಹೊರಡಬೇಕು. ಹಣ ಕೊಳ್ಳುವವನದು, ಬಿಡಿಭಾಗದ ಆಯ್ಕೆಯೂ ಅವನದು. ಮಾರುವವನು ಕೊಡುವುದು ಸತ್ಯವನ್ನು ಮಾತ್ರ.

ಕಾಗದಪತ್ರದ ದುರಸ್ತಿಯನ್ನು ಅನೇಕರು ಮರೆಯುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿದ ತೀರ್ಪಿನ ಪ್ರಕಾರ, ವಾಹನ ಎಷ್ಟು ಕೈ ದಾಟಿದ್ದರೂ ಆರ್‌ಸಿಯಲ್ಲಿ ಹೆಸರಿರುವವನೇ ಕಾನೂನಿನ ಕಣ್ಣಿಗೆ ಮಾಲೀಕ. ಅಪಘಾತ ಪರಿಹಾರದ ಹೊಣೆಯೂ ಅವನದೇ. ಬ್ರೇಕಿನ ದೋಷವನ್ನು ಮುಚ್ಚಿಟ್ಟು, ಹೆಸರು ಬದಲಿಸದೆ ಮಾರಿದವನ ಮನೆಗೆ ಆ ದೋಷ ನ್ಯಾಯಾಲಯದ ನೋಟೀಸಾಗಿ ಹಿಂದಿರುಗಬಹುದು.

ಚಾಸಿಯೇ ತುಕ್ಕು ಹಿಡಿದು ದುರಸ್ತಿಯ ಮಿತಿ ಮೀರಿದ ವಾಹನವನ್ನಂತೂ ಮಾರಲೇಬಾರದು. ಅಂಥ ವಾಹನವನ್ನು ಕಳಚಲು ನೋಂದಾಯಿತ ಗುಜರಿ ಕೇಂದ್ರಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿದೆ. ಅಲ್ಲಿ ಪಡೆದ ಪ್ರಮಾಣಪತ್ರವನ್ನು ತೋರಿಸಿದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ರಾಜ್ಯಗಳಿಗೆ ಅವಕಾಶವಿದೆ. ಹಿತ್ತಿಲಲ್ಲಿ ಕೊಳೆಯಲು ಬಿಟ್ಟ ವಾಹನದ ಬ್ಯಾಟರಿಯ ಸೀಸವೂ ಆಮ್ಲವೂ ಬಾವಿಗೆ ಇಳಿಯುವುದಕ್ಕಿಂತ ಇದು ಮೇಲು.

ಹಾಗೆಂದು ಓಡಬಲ್ಲ ವಾಹನವನ್ನು ಗುಜರಿಗೆ ಹಾಕುವುದೂ ಸರಿಯಲ್ಲ. ಪ್ರತಿಯೊಂದು ಹೊಸ ಕಾರಿನ ಉಕ್ಕಿಗಾಗಿ ಎಲ್ಲೋ ಒಂದು ಬೆಟ್ಟ ಬಗೆಯಲ್ಪಡುತ್ತದೆ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತ ಕುದುರೆಮುಖ ಗಣಿಗಾರಿಕೆಯನ್ನೂ ಅದರ ಹೂಳು ಭದ್ರೆಗೆ ಇಳಿದ ದಿನಗಳನ್ನೂ ಕಂಡ ಸೀಮೆಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ದುರಸ್ತಿಯಿಂದ ವಾಹನವೊಂದರ ಆಯುಷ್ಯ ಐದು ವರ್ಷ ಹೆಚ್ಚಿದರೆ, ಅಷ್ಟು ಕಾಲ ಇನ್ನೊಂದರ ಅಗತ್ಯ ಮುಂದೆ ಹೋಗುತ್ತದೆ.

ಕಾಲೇಜು ವಿದ್ಯಾರ್ಥಿಗಳೂ ಯುವಕ ಸಂಘಗಳೂ ಸೇರಿ ಪ್ರತಿ ಊರಿನಲ್ಲಿ ಒಂದು ಪುಟದ ಪಟ್ಟಿ ಸಿದ್ಧಪಡಿಸಬಹುದು: ಬ್ರೇಕ್ ಆಯಿಲ್ ಬದಲಿಸಿದ ದಿನಾಂಕ, ಟಯರಿನ ವಯಸ್ಸು, ಸೋರಿಕೆ, ಚಾಸಿಯ ತುಕ್ಕು, ಹೊಗೆ ತಪಾಸಣೆ ಪತ್ರ, ವಿಮೆ, ಆರ್‌ಸಿ ವರ್ಗಾವಣೆ. ಮಾರುವವನು ಅದನ್ನು ತುಂಬಿ ಸಹಿ ಮಾಡಲಿ, ಕೊಳ್ಳುವವನು ಓದಿ ಸಹಿ ಮಾಡಲಿ, ಪ್ರತಿಯೊಂದು ಸಂಘದಲ್ಲಿರಲಿ. ಮುಂದಿನ ಮಳೆಗಾಲಕ್ಕೆ ಮುನ್ನ ಕೆಲವು ಊರುಗಳಲ್ಲಾದರೂ ಈ ಪದ್ಧತಿ ಆರಂಭವಾಗಬೇಕು.