ಕಥೆಯ ಮೃಗಗಳನ್ನು ಕೂಡಿಟ್ಟ ಕೋಣೆಗಳು

ಈ ತಿಂಗಳು ನಮಗೆ ಬಂದ ಕಾಗದಗಳೊಳಗೆ ಗೃಹಸ್ಥರೊಬ್ಬರ ಕಾಗದವು ವಿಶೇಷವಾಗಿ ನಮ್ಮ ಗಮನವನ್ನು ಸೆಳೆಯಿತು. ಅವರ ಹತ್ತು ವರ್ಷದ ಮಗನು ಎಲ್ಲಿಯೋ ಒಂದು ಕಥೆಯನ್ನು ಓದಿದನಂತೆ. ಪರದೇಶದ ಸರಕಾರವೊಂದು ಬೆಟ್ಟದ ಬುಡದಲ್ಲಿ ಯಾರಿಗೂ ತಿಳಿಯದಂತೆ ದೊಡ್ಡ ಕಟ್ಟಡವನ್ನು ಕಟ್ಟಿಸಿ, ಹಲವು ತಲೆಯ ಹಾವು, ಒಂಟಿಕೊಂಬಿನ ಕುದುರೆ, ಮತ್ಸ್ಯಕನ್ಯೆ, ಹಿಮಮಾನವ ಮುಂತಾದ ಕಥೆಯ ಮೃಗಗಳನ್ನೆಲ್ಲ ಅಲ್ಲಿ ಕೂಡಿಹಾಕಿ ಪಂಡಿತರಿಂದ ಪರೀಕ್ಷೆ ಮಾಡಿಸುತ್ತಿರುವುದೆಂದು ಅದರಲ್ಲಿದ್ದಿತಂತೆ. “ಇದು ನಿಜವೇನಪ್ಪಾ?” ಎಂದು ಹುಡುಗನು ಕೇಳಿದಾಗ, ಕಛೇರಿಯಿಂದ ದಣಿದು ಬಂದಿದ್ದ ತಂದೆಯವರು “ಎಲ್ಲ ಸುಳ್ಳು, ಪಾಠ ಓದು ಹೋಗು” ಎಂದು ಗದರಿಸಿಬಿಟ್ಟರು. ಅಂದಿನಿಂದ ಹುಡುಗನು ತಮ್ಮ ಬಳಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿರುವನೆಂದೂ, ತಾವು ಏನು ಹೇಳಬೇಕಾಗಿದ್ದಿತೆಂದೂ ಅವರು ನಮ್ಮನ್ನು ಕೇಳಿರುವರು.

ಬೆಟ್ಟದ ಬುಡದ ಸೆರೆಮನೆಯು ಕಥೆಗಾರನ ಕಲ್ಪನೆಯೇ ಸರಿ. ಆದರೆ ಕಥೆಯ ಮೃಗಗಳನ್ನು ಕೋಣೆಗಳಲ್ಲಿ ಕೂಡಿಟ್ಟು ಪರೀಕ್ಷಿಸಿದ್ದು ಮಾತ್ರ ಕಲ್ಪನೆಯಲ್ಲ. ಯೂರೋಪಿನ ಅರಸರೂ ವೈದ್ಯರೂ ಹಣವಂತ ವರ್ತಕರೂ ತಮ್ಮ ಮನೆಗಳಲ್ಲಿ ಕೌತುಕಾಗಾರಗಳನ್ನು ಏರ್ಪಡಿಸಿ, ಲೋಕದ ಸೋಜಿಗಗಳನ್ನೆಲ್ಲ ಅಲ್ಲಿ ಕಲೆಹಾಕುತ್ತಿದ್ದರು. ಅವುಗಳೊಳಗೆ ಒಂದೆರಡು ಬಾಗಿಲುಗಳನ್ನು ತೆರೆದು ನೋಡೋಣ.

1735ನೆಯ ಇಸವಿಯಲ್ಲಿ ಸ್ವೀಡನ್ ದೇಶದ ಕಾರ್ಲ್ ಲಿನಿಯಸ್ ಎಂಬ ತರುಣನು ವೈದ್ಯಪದವಿಯನ್ನು ಪಡೆಯಲೆಂದು ಹಾಲೆಂಡಿಗೆ ಹೋಗುತ್ತ, ದಾರಿಯಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಇಳಿದುಕೊಂಡನು. ಆ ಊರಿನ ನಗರಾಧ್ಯಕ್ಷನಲ್ಲಿ ಏಳು ತಲೆಯ ಹೈಡ್ರಾ ಒಂದಿದ್ದಿತು. 1648ರಲ್ಲಿ ಪ್ರಾಗ್ ನಗರದ ಇಗರ್ಜಿಯೊಂದರಿಂದ ಸೈನಿಕರು ಕೊಳ್ಳೆಹೊಡೆದು ತಂದ ವಸ್ತುವದು. ಕೈಯಿಂದ ಕೈಗೆ ದಾಟಿ ಅಲ್ಲಿಗೆ ಬಂದಿದ್ದಿತು. ಹಾವಿನ ಮೈ, ಎರಡು ಕಾಲು, ಬಾಯ್ದೆರೆದ ಏಳು ತಲೆಗಳು. ಡೆನ್ಮಾರ್ಕಿನ ದೊರೆಯೇ ಅದಕ್ಕೆ ಅಪಾರ ದ್ರವ್ಯವನ್ನು ಕೊಡಲೊಪ್ಪಿದ್ದನೆಂದು ಪ್ರತೀತಿ. ಅಲ್ಬರ್ಟ್ ಸೆಬಾ ಎಂಬ ಪ್ರಸಿದ್ಧ ಸಂಗ್ರಹಕಾರನು ಇದರ ಚಿತ್ರವನ್ನು ತನ್ನ ಭಾರಿ ಗ್ರಂಥದಲ್ಲಿ ಅಚ್ಚು ಹಾಕಿಸಿ ಒಂದು ವರ್ಷವಷ್ಟೇ ಆಗಿದ್ದಿತು. ದೊರೆಯು ಬಯಸಿ, ಪಂಡಿತನು ಅಚ್ಚು ಹಾಕಿಸಿದ ಮೇಲೆ ಸಂಶಯಪಡುವವರಾರು?

ಲಿನಿಯಸನು ಹತ್ತಿರ ಹೋಗಿ ಹಲ್ಲುಗಳನ್ನು ನೋಡಿದನು. ಹಾವಿಗೆ ಇರಬೇಕಾದ ಹಲ್ಲುಗಳು ಅವಲ್ಲ. ವೀಸೆಲ್ ಎಂಬ, ಮುಂಗುಸಿಯನ್ನು ಹೋಲುವ ಸಣ್ಣ ಪ್ರಾಣಿಯ ದವಡೆಗಳು. ಕಾಲುಗಳೂ ಅದರವೇ. ಅವುಗಳ ಮೇಲೆ ಹಾವಿನ ತೊಗಲನ್ನು ಯಾರೋ ಜಾಣತನದಿಂದ ಅಂಟಿಸಿದ್ದರು. ಕ್ರೈಸ್ತರ ಧರ್ಮಗ್ರಂಥದಲ್ಲಿ ಬರುವ ಏಳು ತಲೆಯ ಘಟಸರ್ಪವನ್ನು ಜನರಿಗೆ ತೋರಿಸಿ ಭಯಭಕ್ತಿಗಳನ್ನು ಹುಟ್ಟಿಸಲು ಸಂನ್ಯಾಸಿಗಳು ಇದನ್ನು ಮಾಡಿರಬೇಕೆಂದು ಅವನು ಊಹಿಸಿದನು. ಊಹೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಹಿರಂಗವಾಗಿ ಆಡಿಯೂ ಬಿಟ್ಟನು. ಹೈಡ್ರಾದ ಬೆಲೆಯು ಒಮ್ಮೆಲೇ ಇಳಿದುಹೋಯಿತು. ನಗರಾಧ್ಯಕ್ಷನ ಕೋಪಕ್ಕೆ ಗುರಿಯಾದೇನೆಂಬ ಅಂಜಿಕೆಯಿಂದ ತರುಣನು ಗಂಟುಮೂಟೆ ಕಟ್ಟಿಕೊಂಡು ಬೇಗನೆ ಊರು ಬಿಟ್ಟನು. ಹಲ್ಲು ಎಣಿಸುವವನಿಗೆ ಆತಿಥ್ಯವು ಬಹುದಿನ ದೊರೆಯುವುದಿಲ್ಲವೆಂದು ತೋರುತ್ತದೆ!

ಅದೇ ವರ್ಷದಲ್ಲಿ ಅವನು ಪ್ರಕಟಿಸಿದ ‘ಸಿಸ್ಟೆಮಾ ನ್ಯಾಚುರೇ’ ಎಂಬ ಪುಸ್ತಕದಲ್ಲಿ ಜೀವಿಗಳನ್ನೆಲ್ಲ ವರ್ಗ ವರ್ಗವಾಗಿ ವಿಂಗಡಿಸಿ, ಒಂದು ಮೂಲೆಯಲ್ಲಿ ‘ಪ್ಯಾರಡಾಕ್ಸಾ’ ಎಂಬ ಬೇರೆಯೇ ಒಂದು ಪಟ್ಟಿಯನ್ನು ಕೊಟ್ಟನು. ನಮ್ಮ ಹುಡುಗನ ಕಥೆಯ ಕಟ್ಟಡವನ್ನು ಹೋಲುವ ವಸ್ತು ಯಾವುದಾದರೂ ಇದ್ದರೆ ಅದು ಈ ಪಟ್ಟಿಯೇ. ಹೈಡ್ರಾ ಅಲ್ಲಿದೆ, ಒಂಟಿಕೊಂಬಿನ ಮೃಗವಿದೆ, ಬೂದಿಯಿಂದ ಮರಳಿ ಹುಟ್ಟುವ ಫೀನಿಕ್ಸ್ ಪಕ್ಷಿಯಿದೆ, ಗಿಡದಲ್ಲಿ ಕಾಯಿಯಂತೆ ಬಿಡುವ ಕುರಿಮರಿಯೂ ಇದೆ. ಇವೆಲ್ಲವುಗಳ ನಡುವೆ ಪೆಲಿಕನ್ ಹಕ್ಕಿಯೂ ಸಿಕ್ಕಿಬಿದ್ದಿದೆ! ನಾವು ಹೆಜ್ಜಾರ್ಲೆ ಎಂದು ಕರೆಯುವ ಹಕ್ಕಿಯದು. ಮಂಡ್ಯದ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ಹಿತ್ತಿಲ ಮರಗಳ ಮೇಲೆಯೇ ಗೂಡು ಕಟ್ಟುವ ಅದನ್ನು ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ತನ್ನ ಎದೆಯನ್ನು ತಾನೇ ಸೀಳಿಕೊಂಡು ಮರಿಗಳಿಗೆ ರಕ್ತವನ್ನೂಡುವುದೆಂಬ ಕಥೆಯು ಅದಕ್ಕೆ ಅಂಟಿಕೊಂಡಿದ್ದುದರಿಂದ, ಪಾಪ, ಹಕ್ಕಿಯೂ ಅನುಮಾನಕ್ಕೆ ಗುರಿಯಾಯಿತು. 1748ರ ಆವೃತ್ತಿಯಲ್ಲಿ ಈ ಪಟ್ಟಿಯನ್ನೇ ಕೈಬಿಡಲಾಯಿತು.

ಒಂಟಿಕೊಂಬಿನ ಮೃಗದ ವಿಚಾರವು ಅದಕ್ಕೂ ನೂರು ವರ್ಷ ಮೊದಲೇ ತೀರ್ಮಾನವಾಗಿದ್ದಿತು. ಬಂಗಾರಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದ್ದ ಆ ಸುರುಳಿಗೆರೆಯ ಕೊಂಬು ಉತ್ತರಸಮುದ್ರದ ನಾರ್ವಾಲ್ ಎಂಬ ತಿಮಿಂಗಿಲದ ಹಲ್ಲೆಂಬುದನ್ನು, ಕೋಪನ್‌ಹೇಗನ್ನಿನ ವೈದ್ಯನೂ ಕೌತುಕಾಗಾರದ ಒಡೆಯನೂ ಆಗಿದ್ದ ಓಲೆ ವರ್ಮನು 1638ರಲ್ಲಿ ತಲೆಬುರುಡೆಯ ಆಧಾರದಿಂದ ತೋರಿಸಿದನು. ಆದರೂ ಕೊಂಬಿಗೆ ವಿಷವನ್ನು ಪರಿಹರಿಸುವ ಗುಣವುಂಟೆಂಬ ನಂಬಿಕೆಯನ್ನು ಆತನೇ ಬಿಡಲಿಲ್ಲ. ಡೆನ್ಮಾರ್ಕಿನ ದೊರೆಗಳು ಮುಂದೆ ತಮ್ಮ ಸಿಂಹಾಸನವನ್ನು ಅದೇ ಹಲ್ಲುಗಳಿಂದ ಅಲಂಕರಿಸಿಕೊಂಡರು.

ಇಷ್ಟನ್ನು ಓದಿದವರಿಗೆ ‘ತಂದೆಯವರು ಗದರಿಸಿದ್ದೇ ಸರಿ’ ಎಂದು ತೋರಬಹುದು. ಸ್ವಲ್ಪ ತಾಳಬೇಕು. 1798ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಒಂದು ಒಣಗಿದ ತೊಗಲು ಬಂದಿತು. ಮೈಯೆಲ್ಲ ನೀರುನಾಯಿಯಂತೆ ರೋಮ. ಮುಖಕ್ಕೆ ಬಾತುಕೋಳಿಯ ಕೊಕ್ಕು. ಬ್ರಿಟಿಷ್ ವಸ್ತುಸಂಗ್ರಹಾಲಯದ ಜಾರ್ಜ್ ಷಾ ಎಂಬ ಪ್ರಾಣಿಶಾಸ್ತ್ರಜ್ಞನ ಕೈಗೆ ಇಂಥದೊಂದು ತೊಗಲು ಬಂದಾಗ, ಯಾರೋ ಕೊಕ್ಕನ್ನು ಹೊಲಿದು ಸೇರಿಸಿರಬೇಕೆಂದು ಅವನಿಗೆ ಬಲವಾದ ಸಂಶಯ ಹುಟ್ಟಿತು. ಸಂಶಯವು ಅಕಾರಣವಾದುದಲ್ಲ, ಕೋತಿಯ ಮೈಗೆ ಮೀನಿನ ಬಾಲವನ್ನು ಹೊಂದಿಸಿ ಮತ್ಸ್ಯಕನ್ಯೆಯೆಂದು ನಾವಿಕರಿಗೆ ಮಾರುವ ವ್ಯಾಪಾರವು ಪೂರ್ವಸಮುದ್ರದ ರೇವುಗಳಲ್ಲಿ ನಡೆಯುತ್ತಿದ್ದಿತು. ಕೊಕ್ಕು ಸೇರುವ ಕಡೆ ಹೊಲಿಗೆಯನ್ನು ಹುಡುಕಿ ಕತ್ತರಿಯಾಡಿಸಿದ ಗುರುತು ಆ ತೊಗಲಿನ ಮೇಲೆ ಈಗಲೂ ಕಾಣುವುದೆಂದು ಹೇಳುವರು. ಹೊಲಿಗೆಯು ಸಿಕ್ಕಲಿಲ್ಲ. ಷಾ ಮಹಾಶಯನು ತನ್ನ ಕಣ್ಣುಗಳನ್ನು ನಂಬಲಾರದೆ ನಂಬಿ, 1799ರಲ್ಲಿ ಅದಕ್ಕೆ ಶಾಸ್ತ್ರೀಯವಾದ ಹೆಸರಿಟ್ಟನು. ಅದೇ ಪ್ಲಾಟಿಪಸ್. ಅದು ಮೊಟ್ಟೆಯಿಟ್ಟು ಮರಿಗಳಿಗೆ ಹಾಲೂಡುವುದೆಂಬ ಮಾತನ್ನು ಪಂಡಿತರು ಒಪ್ಪಿಕೊಳ್ಳಲು 1884ರವರೆಗೆ ಕಾಲ ಹಿಡಿಯಿತು.

ನಾರ್ವೆಯ ಬೆಸ್ತರು ಹೇಳುತ್ತಿದ್ದ ಕ್ರಾಕೆನ್ ಎಂಬ ಸಮುದ್ರಭೂತದ ಗತಿಯೂ ಹೀಗೆಯೇ. 1853ರಲ್ಲಿ ಡೆನ್ಮಾರ್ಕಿನ ದಡಕ್ಕೆ ಬಂದು ಬಿದ್ದ ಒಂದು ದೊಡ್ಡ ಪ್ರಾಣಿಯನ್ನು ಬೆಸ್ತರು ಗಾಳಕ್ಕೆ ಕತ್ತರಿಸಿಕೊಂಡರು. ಉಳಿದ ಕೊಕ್ಕನ್ನು ಕೋಪನ್‌ಹೇಗನ್ನಿನ ಸ್ಟೀನ್‌ಸ್ಟ್ರುಪ್ ಪಂಡಿತನು ಪರೀಕ್ಷಿಸಿ, 1857ರಲ್ಲಿ ಅದು ನಮ್ಮ ಕರಾವಳಿಯವರು ಬೊಂಡಾಸವೆನ್ನುವ ಜೀವಿಯ ದೈತ್ಯಬಂಧುವೆಂದು ಸಾರಿದನು. 2004ರಲ್ಲಿ ಫಾಕ್‌ಲೆಂಡ್ ದ್ವೀಪಗಳ ಬಳಿ ಬಲೆಗೆ ಸಿಕ್ಕಿದ ಅಂಥದೊಂದು ಪ್ರಾಣಿಯ ಉದ್ದ 8.62 ಮೀಟರು. ಲಂಡನ್ನಿನ ಪ್ರಾಕೃತಿಕ ವಸ್ತುಸಂಗ್ರಹಾಲಯದವರು ಅದನ್ನು ಅಂಗಳದಲ್ಲಿಡದೆ, ಗಾಜಿನ ಜಾಡಿಗಳು ಸಾಲುಗಟ್ಟಿದ ಹಿಂಬದಿಯ ಉಗ್ರಾಣದಲ್ಲಿ ಉದ್ದನೆಯ ತೊಟ್ಟಿಯೊಂದನ್ನು ಮಾಡಿಸಿ ಇಟ್ಟರು. ಬೆಟ್ಟದ ಬುಡವಲ್ಲವಾದರೂ, ಹುಡುಗನಿಗೆ ಹೇಳಲು ಇದು ಸಾಲದೆ?

ಆದುದರಿಂದ ಕಾಗದ ಬರೆದ ಮಹನೀಯರಿಗೆ ನಮ್ಮ ವಿಜ್ಞಾಪನೆ ಇಷ್ಟು. ‘ಎಲ್ಲ ನಿಜ’ ಎನ್ನಬೇಡಿರಿ; ‘ಎಲ್ಲ ಸುಳ್ಳು’ ಎಂದೂ ಅನ್ನಬೇಡಿರಿ. ಹಲ್ಲು ಯಾರದು, ಹೊಲಿಗೆ ಎಲ್ಲಿದೆ ಎಂದು ಅವನನ್ನೇ ಕೇಳಿರಿ. ಅದರೊಡನೆ, ಆ ವಸ್ತುವು ಯಾರದು, ಹೇಗೆ ಬಂದಿತು ಎಂಬುದನ್ನೂ ಕೇಳಲು ಕಲಿಸಿರಿ. ಈ ಎರಡನೆಯ ಪ್ರಶ್ನೆಯನ್ನು ದೊಡ್ಡವರೇ ಮರೆಯುವುದುಂಟು.

ನೇಪಾಳದ ಪಾಂಗ್‌ಬೋಚೆ ಎಂಬ ಹಳ್ಳಿಯ ಬೌದ್ಧವಿಹಾರದಲ್ಲಿ ಹಿಮಮಾನವನದೆಂದು ಪೂಜಿಸುತ್ತಿದ್ದ ಒಂದು ಒಣಗಿದ ಕೈ ಇದ್ದಿತು. 1959ರಲ್ಲಿ, ಹಿಮಮಾನವನನ್ನು ಅರಸಿ ಹೋಗಿದ್ದ ಪೀಟರ್ ಬರ್ನ್ ಎಂಬವನು ಅದರ ಬೆರಳೊಂದನ್ನು ತೆಗೆದುಕೊಂಡು ಬಂದನು. ಭಾರತದಿಂದ ಲಂಡನ್ನಿಗೆ ಅದನ್ನು ಗುಟ್ಟಾಗಿ ಸಾಗಿಸಲು ಅಮೆರಿಕದ ಪ್ರಸಿದ್ಧ ನಟನೊಬ್ಬನೂ ನೆರವಾದನು. ಬೆರಳು ಲಂಡನ್ನಿನ ಶಸ್ತ್ರವೈದ್ಯರ ಸಂಗ್ರಹವೊಂದರಲ್ಲಿ ಸೇರಿ, ಹತ್ತಾರು ವರ್ಷ ಯಾರ ನೆನಪಿಗೂ ಬಾರದೆ ಬಿದ್ದಿದ್ದಿತು. 2011ರಲ್ಲಿ ಎಡಿನ್‌ಬರೋದ ತಜ್ಞರು ವಂಶಾಣು ಪರೀಕ್ಷೆ ಮಾಡಿ, ಅದು ಮನುಷ್ಯನ ಬೆರಳೆಂದು ಕಂಡುಕೊಂಡರು. ಅಷ್ಟರೊಳಗೆ ಹಳ್ಳಿಯಲ್ಲಿ ಉಳಿದಿದ್ದ ಕೈಯನ್ನೂ ಕಳ್ಳರು ಒಯ್ದಿದ್ದರು. ವಿಹಾರವನ್ನು ನೋಡಲು ಬರುವವರಿಂದ ದೊರೆಯುತ್ತಿದ್ದ ಕಾಣಿಕೆಯೂ ಅದರೊಡನೆ ಹೋಯಿತು.

ಅಲ್ಲಿಗೆ ದೂರವಲ್ಲದ ಖುಮ್‌ಜುಂಗ್ ಹಳ್ಳಿಯವರು ಹಿಮಮಾನವನ ನೆತ್ತಿಯ ಚರ್ಮವೆನ್ನುವ, ಕೆಂಗಂದು ರೋಮದ ಟೋಪಿಯಾಕಾರದ ವಸ್ತುವೊಂದನ್ನು ಕಾಪಾಡಿಕೊಂಡು ಬಂದಿದ್ದರು. 1960ರಲ್ಲಿ ಎವರೆಸ್ಟ್ ವೀರ ಎಡ್ಮಂಡ್ ಹಿಲರಿಯು ಅದನ್ನು ಪರೀಕ್ಷೆಗೆ ಬೇಡಿದನು. ಊರವರು ಕೂಡಿ ವಿಚಾರಮಾಡಿ, ಗೊತ್ತಾದ ಅವಧಿಯೊಳಗೆ ಹಿಂದಕ್ಕೆ ತರತಕ್ಕದ್ದೆಂದು ಕರಾರು ಮಾಡಿ, ಊರ ಹಿರಿಯನಾದ ಖುಂಜೋ ಚುಂಬಿಯನ್ನೇ ಅದರ ಕಾವಲಿಗೆ ಜೊತೆಗೆ ಕಳುಹಿಸಿದರು. ಆತನು ಷಿಕಾಗೋ, ಪ್ಯಾರಿಸ್, ಲಂಡನ್ ನಗರಗಳಿಗೆ ತನ್ನ ಊರಿನ ನಿಧಿಯೊಡನೆ ಹೋಗಿಬಂದನು. ಸೆರೋ ಎಂಬ, ಮೇಕೆಯನ್ನು ಹೋಲುವ ಹಿಮಾಲಯದ ಕಾಡುಪ್ರಾಣಿಯ ತೊಗಲನ್ನು ಅಚ್ಚಿಗೆ ಹಾಕಿ ಹದಮಾಡಿದುದು ಅದೆಂದು ಪಂಡಿತರು ಹೇಳಿದರು. ಮರುವರ್ಷ ಹಿಲರಿಯು ಅದೇ ಹಳ್ಳಿಯಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು.

2017ರಲ್ಲಿ ಅಮೆರಿಕದ ಬಫೆಲೋ ವಿಶ್ವವಿದ್ಯಾಲಯದ ಷಾರ್ಲಟ್ ಲಿಂಡ್‌ಕ್ವಿಸ್ಟ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ಹಿಮಮಾನವನವೆಂದು ಹೆಸರಾದ ಒಂಬತ್ತು ಮಾದರಿಗಳನ್ನು, ಎಲುಬು, ಹಲ್ಲು, ತೊಗಲು, ರೋಮ ಮುಂತಾದುವನ್ನು, ಪರೀಕ್ಷಿಸಿದರು. ಎಂಟು ಕರಡಿಯವು, ಒಂದು ನಾಯಿಯದು. ಆದರೆ ಆ ಎಂಟರ ದೆಸೆಯಿಂದ, ಹಿಮಾಲಯದ ಕಂದುಕರಡಿಯು ಬಹು ಪುರಾತನಕಾಲದಲ್ಲಿಯೇ ಬೇರೆಯಾದ ಕವಲೆಂಬ ಸಂಗತಿಯು ಹೊರಬಿದ್ದಿತು. ಈಗ ಅಳಿವಿನ ಅಂಚಿನಲ್ಲಿರುವ ಆ ಕರಡಿಗಳ ವಿಷಯದಲ್ಲಿ ಇದು ಸಣ್ಣ ಲಾಭವಲ್ಲ.

ಖುಮ್‌ಜುಂಗಿನ ನೆತ್ತಿಯಾದರೋ ಕರಾರಿನಂತೆ ಊರಿಗೆ ಮರಳಿತು. ವಿಹಾರದ ಪೆಟ್ಟಿಗೆಯೊಳಗೆ ಬೀಗ ಹಾಕಿ ಇಟ್ಟಿರುವರು. ಕಾಣಿಕೆ ಸಲ್ಲಿಸಿದ ಯಾತ್ರಿಕರಿಗೆ ಬಾಗಿಲು ತೆರೆದು ತೋರಿಸುವರು.